ಹೆರಿಗೆಯ ನೋವನ್ನು ಕಡಿಮೆ ಮಾಡಿಕೊಳ್ಳುವುದು ತಪ್ಪೇ?



ಗರ್ಭಿಣಿಯರಿಗೆ ಉಸಿರಾಟದ ಕ್ರಮವನ್ನೂ ಮೈ ಸಡಿಲಬಿಡುವ ಅಭ್ಯಾಸವನ್ನೂ ಹೆರಿಗೆಗೆ ಮೊದಲೇ ಕಲಿಸುವ ತರಗತಿಗಳು ಬೆಂಗಳೂರು, ಹೈದರಾಬಾದಿನಂತಹ ನಗರಗಳ ಆಸ್ಪತ್ರೆಗಳಲ್ಲಿ ನಡೆಯುತ್ತವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ನಮ್ಮ ಹೆಣ್ಣುಮಕ್ಕಳು ಮದುವೆಯಾಗಿಯೋ ಕೆಲಸಕ್ಕೆಂದೋ ಆ ಊರುಗಳಿಗೆ ಹೋದಾಗ ಇದನ್ನು ಕಲಿತು ಬರುತ್ತಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಸಂಜೆ ಪಡಸಾಲೆಯಲ್ಲಿ ಕಣ್ಣುಮುಚ್ಚಿ ಕುಳಿತು ನಿಧಾನವಾಗಿ ಉಸಿರೆಳೆದು ಬಿಡುತ್ತಿದ್ದರೆ ಮನೆಯ ಹಿರಿಯರಿಂದ ಎರಡು ಮಾತು ಬರುತ್ತವೆ. "ನಾವು ಹಡದಿಲ್ಲೇನು? ಹಡಿಯೋ ಹೆಂಗಸಿಗೆ ಬ್ಯಾನಿ ಇದ್ದದ್ದೇ" ಎಂಬುದು ಒಂದು. "ಅದು ದೇವರೇ ಹವ್ವಳಿಗೆ ಹೇಳಿದ್ದು, ತಪ್ಪಿಸಿಕೊಳ್ಳಲಿಕ್ಕೆ ನಾವ್ಯಾರು?" ಎಂಬುದು ಇನ್ನೊಂದು. ಮೊದಲನೆಯದು ಅನುಭವದ ಮಾತು. ಪಾದ್ರಿಗೇನು ಗೊತ್ತು ಹೆರಿಗೆಯ ನೋವು ಎಂದು ನೀವು ಕೇಳಿದರೆ ಅದು ನ್ಯಾಯವೇ. ಆದರೆ ಎರಡನೆಯದು ದೇವರ ಹೆಸರಿನಲ್ಲಿ ಆಡಿದ ಮಾತು. ಅದನ್ನು ವಿಚಾರಿಸದೆ ಬಿಡುವಂತಿಲ್ಲ.

ಆದಿಕಾಂಡದ 3ನೇ ಅಧ್ಯಾಯವನ್ನು ಮನೆಯಲ್ಲಿ ತೆರೆದು ಓದಿರಿ. ಅಲ್ಲಿ ಶಾಪ ತಗಲುವುದು ಸರ್ಪಕ್ಕೆ ಮತ್ತು ನೆಲಕ್ಕೆ. ಹವ್ವಳನ್ನಾಗಲಿ ಆದಾಮನನ್ನಾಗಲಿ ದೇವರು ಶಪಿಸಿದರೆಂದು ಬರೆದಿಲ್ಲ. ಅವರಿಗೆ ಒದಗುವ ಕಷ್ಟವನ್ನು ಹೇಳಿದ್ದಾರೆ. ಇನ್ನೊಂದು ಸಂಗತಿ ಹೀಬ್ರೂ ಮೂಲವನ್ನು ನೋಡಿದಾಗ ಮಾತ್ರ ಕಾಣುತ್ತದೆ. 16ನೇ ವಚನದಲ್ಲಿ ಹೆರುವವಳ ಸಂಕಟಕ್ಕೆ ಬಳಸಿರುವ 'ಇತ್ಸಾವೋನ್' ಎಂಬ ಪದವೇ 17ನೇ ವಚನದಲ್ಲಿ ದುಡಿಯುವವನ ಶ್ರಮಕ್ಕೂ ಬಂದಿದೆ. ಪದ ಒಂದೇ, ಪಾಲು ಇಬ್ಬರದು.

ಹೀಗಿರುವಾಗ ಗಂಡಸರಾದ ನಾವು ನಮ್ಮ ಪಾಲಿನ ಶ್ರಮವನ್ನು ಏನು ಮಾಡಿದ್ದೇವೆ? ಒಂದು ಕಾಲದಲ್ಲಿ ತೊಗರಿಯನ್ನು ಕಣದಲ್ಲಿ ಬಡಿದು ತೂರುತ್ತಿದ್ದೆವು. ಈಗ ರಾಶಿ ಮಾಡುವ ಮಷಿನ್ ಹೊಲಕ್ಕೇ ಬರುತ್ತದೆ. ಶಹಾಬಾದಿನ ಪರಸಿ ಕಲ್ಲನ್ನು ಉಳಿ ಸುತ್ತಿಗೆಯಿಂದ ಎಬ್ಬಿಸುತ್ತಿದ್ದ ಗಣಿಗಳಿಗೆ ಕಲ್ಲು ಕೊಯ್ಯುವ ಯಂತ್ರಗಳು ಬಂದಿವೆ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕಲ್ಲು ಪುಡಿ ಮಾಡುವುದು ಮನುಷ್ಯನ ತೋಳಲ್ಲ. ಬೆವರು ಸುರಿಸಿ ಉಣ್ಣಬೇಕೆಂದು ದೇವರು ಹೇಳಿದ್ದಾರೆ, ಆದ್ದರಿಂದ ಟ್ರ್ಯಾಕ್ಟರ್ ಹತ್ತುವುದು ಪಾಪ ಎಂದು ಯಾವ ಹಿರಿಯನೂ ಮಗನನ್ನು ತಡೆದಿಲ್ಲ. ಅದೇ ಅಧ್ಯಾಯದ ಹಿಂದಿನ ವಚನವನ್ನು ಮಾತ್ರ ಸೊಸೆಯ ಮುಂದೆ ಹಿಡಿಯುವುದು ವಿಶ್ವಾಸವೇ, ಅಥವಾ ಬರೀ ರೂಢಿಯೇ?

ಈ ವಾದ ನನ್ನ ಸ್ವಂತದ್ದೆಂದು ತಿಳಿಯಬೇಡಿರಿ. 1847ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದಾಗ ಇದೇ ವಚನದ ಆಕ್ಷೇಪಕ್ಕೆ ಉತ್ತರ ಬರೆಯಬೇಕಾಯಿತು. ಆದಾಮನ ಪಕ್ಕೆಲುಬು ತೆಗೆಯುವ ಮೊದಲು ದೇವರೇ ಅವನಿಗೆ ಗಾಢನಿದ್ರೆ ಬರಿಸಿದರಲ್ಲವೇ ಎಂದು ಅವರು ನೆನಪಿಸಿದರು. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಗ್ರಾಂಟ್ಲಿ ಡಿಕ್-ರೀಡ್ ಎಂಬ ಇಂಗ್ಲಿಷ್ ವೈದ್ಯರು, ಭಯ ಮೈಯನ್ನು ಬಿಗಿಗೊಳಿಸುತ್ತದೆ, ಬಿಗಿದ ಮೈ ನೋವನ್ನು ಹೆಚ್ಚಿಸುತ್ತದೆ, ಹೆಚ್ಚಿದ ನೋವು ಮತ್ತೆ ಭಯವನ್ನು ತರುತ್ತದೆ ಎಂದು ವಿವರಿಸಿದರು. ಸೋವಿಯತ್ ಒಕ್ಕೂಟದ ವೈದ್ಯರು ಪಾವ್ಲೋವ್ ಅವರ ಸಿದ್ಧಾಂತದ ಆಧಾರದಲ್ಲಿ ಗರ್ಭಿಣಿಯರಿಗೆ ಮೊದಲೇ ತರಬೇತಿ ಕೊಡುವ ಪದ್ಧತಿಯನ್ನು ರೂಪಿಸಿದರು. ಫ್ರಾನ್ಸಿನ ಫೆರ್ನಾಂ ಲಮಾಜ್ 1951ರಲ್ಲಿ ಅಲ್ಲಿಗೆ ಹೋಗಿ ಅದನ್ನು ಕಣ್ಣಾರೆ ಕಂಡು, ಮರುವರ್ಷ ಪ್ಯಾರಿಸಿನ ಲೋಹ ಕಾರ್ಮಿಕರ ಆಸ್ಪತ್ರೆಯಲ್ಲಿ ಆರಂಭಿಸಿದರು. ಇಂದಿನ ತರಗತಿಗಳಲ್ಲಿ ಕೇಳಿಬರುವ 'ಲಮಾಜ್' ಎಂಬ ಹೆಸರು ಇವರದೇ.

ಕಮ್ಯುನಿಸ್ಟ್ ನಾಡಿನಿಂದ ಬಂದ, ದೇವರ ಹೆಸರೆತ್ತದ ಪದ್ಧತಿ ಇದು. 1949ರಲ್ಲಿ ನಾಸ್ತಿಕ ಕಮ್ಯುನಿಸಮ್ಮಿನ ವಿರುದ್ಧ ಕಠಿಣ ಆಜ್ಞೆ ಹೊರಟದ್ದು ಹನ್ನೆರಡನೆಯ ಪಯಸ್ ಪೋಪರ ಕಾಲದಲ್ಲಿ. ಅದೇ ಪೋಪರು 1956ರ ಜನವರಿ 8ರಂದು ಕಥೋಲಿಕ ವೈದ್ಯರ ಮುಂದೆ ಈ ಪದ್ಧತಿಯನ್ನು ಕುರಿತು ದೀರ್ಘವಾಗಿ ಮಾತನಾಡಿದರು. ಅದರಲ್ಲಿ ನೈತಿಕವಾಗಿ ಆಕ್ಷೇಪಿಸುವಂಥದ್ದು ಏನೂ ಇಲ್ಲವೆಂದರು. ಕಂಡುಹಿಡಿದವನ ಸಿದ್ಧಾಂತ ಬೇರೆಯೆಂಬ ಕಾರಣಕ್ಕೆ ಅವನು ಕಂಡ ಸತ್ಯ ಸುಳ್ಳಾಗುವುದಿಲ್ಲವೆಂದರು. ಹವ್ವಳಿಗೆ ನುಡಿದ ಮಾತಿನಿಂದ ಹೆರಿಗೆಯನ್ನು ಹಗುರ ಮಾಡುವ ಉಪಾಯಗಳನ್ನು ದೇವರು ನಿಷೇಧಿಸಿಲ್ಲ, ಆದಾಮನಿಗೆ ದುಡಿಮೆ ವಿಧಿಸಿದಾಗಲೂ ಸೃಷ್ಟಿಯ ಸಂಪತ್ತನ್ನು ಬಳಸಿ ಬದುಕನ್ನು ಸುಗಮಗೊಳಿಸಿಕೊಳ್ಳುವುದನ್ನು ನಿಷೇಧಿಸಿಲ್ಲ ಎಂದು ಸ್ಪಷ್ಟಪಡಿಸಿದರು. ಅಂದರೆ ನಮ್ಮ ಧರ್ಮಸಭೆಯಲ್ಲಿ ಈ ಪ್ರಶ್ನೆ ಅಂದೇ ತೀರ್ಮಾನವಾಗಿದೆ. ಮನೆಗಳಲ್ಲಿ ಮಾತ್ರ ಇನ್ನೂ ಆಗಿಲ್ಲ.

"ಹಾಗಾದರೆ ಫಾದರ್, ನೋವನ್ನು ದೇವರಿಗೆ ಅರ್ಪಿಸಿ ಎಂದು ನೀವೇ ಪ್ರಬೋಧನೆಯಲ್ಲಿ ಹೇಳುತ್ತೀರಲ್ಲ?" ಹೇಳುತ್ತೇನೆ, ಮುಂದೆಯೂ ಹೇಳುತ್ತೇನೆ. ಆದರೆ ಅರ್ಪಣೆ ಎಂದರೇನು? ನನ್ನದನ್ನು ನಾನು ಮನಸಾರೆ ಕೊಡುವುದು. ಪಕ್ಕದ ಮನೆಯವನ ಕೋಳಿಯನ್ನು ಹಿಡಿದು ತಂದು ನಾನು ಹರಕೆ ಒಪ್ಪಿಸಿದರೆ ಅದು ಅರ್ಪಣೆಯಲ್ಲ. ನೋವಿನ ವಿಷಯದಲ್ಲೂ ಹೀಗೆಯೇ. ಹೆರಿಗೆ ಮಂಚದ ಮೇಲಿರುವವಳು ತನ್ನ ವೇದನೆಯನ್ನು ಯೇಸುಸ್ವಾಮಿಯ ಪಾಡುಗಳೊಂದಿಗೆ ಸೇರಿಸಿ ಅರ್ಪಿಸಬಹುದು, ಅದು ಮಹತ್ತರವಾದದ್ದು. ಆದರೆ ಅತ್ತೆಯಾಗಲಿ, ಗಂಡನಾಗಲಿ, ದಾದಿಯಾಗಲಿ, ಪಾದ್ರಿಯಾಗಲಿ ಅವಳ ಪರವಾಗಿ ಅವಳ ವೇದನೆಯನ್ನು ಅರ್ಪಿಸಲಾರರು. ನಮಗೆ ದೇವರು ಕೊಟ್ಟಿರುವ ಕೆಲಸ ಅವಳಿಗೆ ಉಪಶಮನ ಕೊಡುವುದು. ಶಿಲುಬೆಯ ಬಳಿ ಕೊಟ್ಟ ರಕ್ತಬೋಳ ಬೆರೆತ ದ್ರಾಕ್ಷಾರಸವನ್ನು ಪ್ರಭು ತಮಗಾಗಿ ಬೇಡವೆಂದರು, ನಿಜ. ನೋವಿನಿಂದ ಬಂದ ಒಬ್ಬ ರೋಗಿಗಾದರೂ, ಸಹಿಸಿಕೊಂಡು ಹೋಗು ಎಂದು ಅವರು ಬರಿಗೈಯಲ್ಲಿ ಕಳಿಸಿದ್ದುಂಟೇ?

ಕಣ್ಣುಮುಚ್ಚಿ ಉಸಿರಾಡುವುದು ಅನ್ಯಧರ್ಮದ ಆಚರಣೆಯಲ್ಲವೇ ಎಂದು ಅಂಜುವವರೂ ಇದ್ದಾರೆ. ಬ್ಯಾನಿ ಬಂದಾಗ ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಬಾಯಿಂದ ದೀರ್ಘವಾಗಿ ಬಿಡುವುದು, ಹಲ್ಲು ಕಚ್ಚದೆ, ಮುಷ್ಟಿ ಬಿಗಿಯದೆ, ಭುಜಗಳನ್ನು ಇಳಿಬಿಡುವುದು, ಒಂದು ಬ್ಯಾನಿಗೂ ಇನ್ನೊಂದಕ್ಕೂ ನಡುವೆ ಪೂರ್ತಿ ವಿಶ್ರಾಂತಿ ಪಡೆಯುವುದು: ಇಷ್ಟೇ ಅದು. ಇದರಲ್ಲಿ ಮಂತ್ರವೂ ಇಲ್ಲ, ಪೂಜೆಯೂ ಇಲ್ಲ. ಇದನ್ನೇ ಪ್ರಾರ್ಥನೆಯೆಂದು ತಿಳಿಯುವುದೂ ಬೇಡ. ದೇಹ ಸಡಿಲವಾದಾಗ ಆಗುವ ಹಿತವನ್ನು ಪವಿತ್ರಾತ್ಮರ ಸಾಂತ್ವನವೆಂದು ಭ್ರಮಿಸಬಾರದೆಂದು ರೋಮಿನ ವಿಶ್ವಾಸ ಬೋಧನಾ ಆಯೋಗವು 1989ರ ಅಕ್ಟೋಬರ್ 15ರ ಪತ್ರದಲ್ಲಿ ಎಚ್ಚರಿಸಿದೆ. ಉಸಿರಾಟ ಉಸಿರಾಟವೇ, ಜಪಸರ ಜಪಸರವೇ. ಎರಡಕ್ಕೂ ಮನೆಯಲ್ಲಿ ಸ್ಥಳವಿದೆ.

ಇನ್ನು ಈ ತರಗತಿಗಳನ್ನು ಮೆಚ್ಚುವವರಿಗೂ ಒಂದು ಮಾತು. 'ನೋವಿಲ್ಲದ ಹೆರಿಗೆ' ಎಂದು ಆಗ ಪ್ಯಾರಿಸಿನಲ್ಲಿ ಕರೆದರು. ಆ ಹೆಸರು ನನಗೆ ಹಿಡಿಸದು. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ, ಆರೋಗ್ಯವಂತ ಗರ್ಭಿಣಿ ನೋವಿಗೆ ಉಪಶಮನ ಬಯಸಿದರೆ ಅವಳ ಇಷ್ಟದಂತೆ ಉಸಿರಾಟ, ಸ್ನಾಯು ಸಡಿಲಿಕೆ, ಸಂಗೀತ ಮುಂತಾದವನ್ನು ಬಳಸಬಹುದೆಂದು ಶಿಫಾರಸು ಮಾಡಿದೆ. ನೋವೇ ಇರುವುದಿಲ್ಲವೆಂದು ಹೇಳಿಲ್ಲ. ಎಲ್ಲವನ್ನೂ ಕಲಿತವಳೂ ಆ ಹೊತ್ತಿನಲ್ಲಿ ಕಿರುಚಬಹುದು, ಚುಚ್ಚುಮದ್ದು ಕೇಳಬಹುದು, ಅವಳಿಗೆ ಸಿಸೇರಿಯನ್ ಬೇಕಾಗಬಹುದು. "ನೀನು ಸರಿಯಾಗಿ ಅಭ್ಯಾಸ ಮಾಡಲಿಲ್ಲ" ಎಂದು ಆಗ ಅವಳಿಗೆ ಹೇಳುವುದು ಹಳೆಯ ಕ್ರೌರ್ಯಕ್ಕೆ ಹೊಸ ಅಂಗಿ ತೊಡಿಸಿದಂತೆ. ಅಲ್ಲದೆ ಉಸಿರಾಟದಿಂದ ರಕ್ತಸ್ರಾವ ನಿಲ್ಲದು, ರಕ್ತಹೀನತೆ ನೀಗದು. ತಲೆನೋವಿನೊಂದಿಗೆ ಕಣ್ಣು ಮಂಜಾದರೆ, ರಕ್ತ ಕಾಣಿಸಿಕೊಂಡರೆ, ಫಿಟ್ಸ್ ಬಂದರೆ 108ಕ್ಕೆ ಫೋನ್ ಮಾಡಬೇಕು. ಚಿಂಚೋಳಿಯ ಕಾಡಂಚಿನ ತಾಂಡಾಗಳಿಂದ ಕಲಬುರಗಿಯ ದೊಡ್ಡಾಸ್ಪತ್ರೆ ಎಷ್ಟು ದೂರವೆಂದು ಅಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಎಲ್ಲ ತಂತ್ರಗಳಿಗಿಂತ ಹೆಚ್ಚಿನದೊಂದು ಇದೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಕ್ರಿಸ್ತಜಯಂತಿಯ ದಿನವೇ ತೀರಿಕೊಂಡರು. ಅಂಥವರ ಕಾಲದಲ್ಲಿ ಹಡೆಯುವವಳ ಬೆನ್ನಿಗೆ ಒಂದು ಕೈ ಇರುತ್ತಿತ್ತು. ಹೆರಿಗೆ ಆಸ್ಪತ್ರೆಗೆ ಹೋದದ್ದರಿಂದ ಎಷ್ಟೋ ಜೀವ ಉಳಿದಿವೆ, ಅದನ್ನು ಬಿಟ್ಟು ಹಿಂದಕ್ಕೆ ಹೋಗುವ ಮಾತೇ ಇಲ್ಲ. ಆದರೆ ಆ ಕೈ ಬಾಗಿಲ ಹೊರಗೆ ಉಳಿಯಿತು. ಒಳಗೆ ಎಷ್ಟೋ ಸಲ ಗದರಿಕೆ ಮಾತ್ರ ಉಳಿಯಿತು. ಹೆರಿಗೆಯುದ್ದಕ್ಕೂ ಒಬ್ಬರು ಪಕ್ಕದಲ್ಲಿದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ, ಹೆರಿಗೆಯ ಅವಧಿಯೂ ತುಸು ತಗ್ಗುತ್ತದೆ ಎಂದು 15,000ಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ 2017ರ ವರದಿ ತೋರಿಸಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಒಬ್ಬ ಮಹಿಳೆ ಜೊತೆಗಿರಲು ಕೇಂದ್ರ ಸರ್ಕಾರ 2016ರಲ್ಲೇ ಅವಕಾಶ ಕೊಟ್ಟಿದೆ.

ಹಾಗಾದರೆ "ನಾವು ಹಡದಿಲ್ಲೇನು?" ಎಂದ ಅಜ್ಜಿಯೇ ಮೊಮ್ಮಗಳ ಜೊತೆ ಕುಳಿತು ಆ ಉಸಿರಾಟವನ್ನು ಕಲಿಯಲಿ. ಅದಕ್ಕೆ ಹಣ ಬೇಕಿಲ್ಲ. ಗೊತ್ತಿರುವ ದಾದಿಯರು, ನಮ್ಮ ಧರ್ಮಭಗಿನಿಯರು ಒಂದು ಮಧ್ಯಾಹ್ನದಲ್ಲಿ ಹೇಳಿಕೊಡಬಲ್ಲರು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಹಿಡಿದು ಸಾಲಿನಲ್ಲಿ ನಿಂತಾಗ, ಹೆರಿಗೆಯ ದಿನ ಒಳಗೆ ಜೊತೆಗೆ ಯಾರನ್ನು ಬಿಡುತ್ತೀರಿ ಎಂದು ಅಲ್ಲಿಯೇ ಕೇಳಿ ತಿಳಿದುಕೊಳ್ಳಿರಿ.