ಶಾಲೆಯಿಂದ ಸಾವಿರ ಅಡಿ

ಶಾಲೆಯಿಂದ ಸಾವಿರ ಅಡಿಯೊಳಗೆ ಬಂದೂಕು ಒಯ್ಯುವುದನ್ನು ಅಮೆರಿಕದ ಸಂಸತ್ತು 1990ರಲ್ಲಿ ನಿಷೇಧಿಸಿತು. 1992ರಲ್ಲಿ ಟೆಕ್ಸಾಸ್ ರಾಜ್ಯದ ವಿದ್ಯಾರ್ಥಿಯೊಬ್ಬ ರಿವಾಲ್ವರ್ ಸಹಿತ ಶಾಲೆಗೆ ಬಂದು ಸಿಕ್ಕಿಬಿದ್ದ. ಅವನ ಪ್ರಕರಣದಲ್ಲಿ, 1995ರಲ್ಲಿ, ಸರ್ವೋಚ್ಚ ನ್ಯಾಯಾಲಯವು 5-4ರ ಬಹುಮತದಿಂದ ಆ ನಿಷೇಧವನ್ನೇ ಅಸಿಂಧುಗೊಳಿಸಿತು. ಅಂತರರಾಜ್ಯ ವಾಣಿಜ್ಯಕ್ಕೆ ಸಂಬಂಧಿಸದ ಇಂಥ ವಿಷಯದಲ್ಲಿ ಕೇಂದ್ರಕ್ಕೆ ಅಧಿಕಾರವಿಲ್ಲವೆಂಬುದು ತೀರ್ಪು. ತರ್ಕವೇನೋ ಶುದ್ಧವೇ, ರಾಜ್ಯಗಳ ಅಧಿಕಾರವನ್ನು ಕಾಯುವುದೂ ನ್ಯಾಯವೇ. ಮರುವರ್ಷ ಸಂಸತ್ತು ವಾಣಿಜ್ಯದ ಮಾತನ್ನು ಸೇರಿಸಿ ನಿಷೇಧವನ್ನು ಮರಳಿ ತಂದಿತು. ಮಕ್ಕಳ ರಕ್ಷಣೆಗೆ ವ್ಯಾಪಾರದ ನೆಪ ಬೇಕಾಯಿತು!

ಆದರೆ ಶಾಲೆಯಿರುವ ರಾಜ್ಯದ ಪರವಾನಗಿ ಪಡೆದವನಿಗೆ ಅದರಲ್ಲಿ ವಿನಾಯಿತಿಯಿದೆ. ನನಗೆ ಒಪ್ಪಿಗೆಯಾಗದಿರುವುದು ಇದೇ. ಆತ ಸಜ್ಜನನೇ ಇರಬಹುದು, ಆತ್ಮರಕ್ಷಣೆಯ ಹಕ್ಕೂ ಅವನಿಗಿದೆ. ಆದರೂ ಎದುರಿಗೆ ನಡೆದು ಬರುವ ಏಳು ವರ್ಷದ ಮಗುವಿಗೆ ಕಾಣುವುದು ಸೊಂಟದಲ್ಲಿರುವ ಬಂದೂಕು, ಜೇಬಿನಲ್ಲಿರುವ ಪರವಾನಗಿಯಲ್ಲ. ವಿನಾಯಿತಿ ಕೊಡುವಾಗ ಆ ಮಗುವಿನ ಭಯವನ್ನು ತೂಗಿದವರಾರು?