ಮರಳಿನ ತೇರಿಗೆ ಯಾರು ಸಾಕ್ಷಿ?

ಕಾರವಾರದ ಟಾಗೋರ್ ಕಡಲತೀರ. ಒದ್ದೆ ಮರಳಲ್ಲಿ ತೇರು ಕೆತ್ತುತ್ತಿರುವ ಹುಡುಗಿ; ಪಕ್ಕದಲ್ಲಿ ಅಂಕೋಲೆಯಿಂದ ಬಂದ ಅವಳ ಹಳೆಯ ಡ್ರಾಯಿಂಗ್ ಮಾಸ್ತರು.

ಹುಡುಗಿ: ಸರ್, ಬಲರಾಮದಾಸರ ತೇರು ಹೇಗಿತ್ತು?

ಮಾಸ್ತರು: ಅದಕ್ಕೆ ಕತೆಯಿದೆ ತಂಗಿ, ಅಳತೆಯಿಲ್ಲ. ಪುರಿಯ ರಥಯಾತ್ರೆಯಲ್ಲಿ ಆ ಒಡಿಯಾ ಕವಿ ಜಗನ್ನಾಥನ ರಥ ಹತ್ತಹೋದಾಗ ಅರ್ಚಕರು ಅವಮಾನ ಮಾಡಿ ಇಳಿಸಿದರಂತೆ. ಸೀದಾ ಸಮುದ್ರದ ದಂಡೆಗೆ ಹೋದವರು ಮರಳಲ್ಲೇ ರಥ ಕಟ್ಟಿ ದೇವರನ್ನು ಅಲ್ಲಿಗೇ ಕರೆದರು. ಅತ್ತ ದೊಡ್ಡ ರಥ ಎಷ್ಟು ಎಳೆದರೂ ಕದಲಲಿಲ್ಲ. ಒಡಿಶಾದ ಮರಳುಶಿಲ್ಪಿಗಳು ತಮ್ಮ ಕಲೆಯ ಮೂಲಕ್ಕೆ ಇವತ್ತಿಗೂ ಈ ಕತೆಯನ್ನೇ ಹೇಳುತ್ತಾರೆ.

ಹುಡುಗಿ: ಅಂದರೆ ಅವಮಾನ ನೆನಪಿದೆ, ಪವಾಡ ನೆನಪಿದೆ, ಕೆಲಸ ನೆನಪಿಲ್ಲ. ಅವರ ದಾಂಡಿ ರಾಮಾಯಣ ಉಳಿಯಿತು, ಬರೆದದ್ದಲ್ಲವೇ! ಈ ತೀರಕ್ಕೂ ಬರೆದವರದೇ ಹೆಸರು. ಟಾಗೋರರು ಇಲ್ಲಿದ್ದಾಗ ಬರೆದ 'ಪ್ರಕೃತಿರ್ ಪ್ರತಿಶೋಧ' 1884ರಲ್ಲಿ ಅಚ್ಚಾಯಿತು. ಮರಳು ಹಿಡಿದವರಿಗೆ ಏನಿದೆ?

ಮಾಸ್ತರು: ಉಳಿಯಲೇಬೇಕೆಂಬ ಹಟ ಯಾಕೆ? ಪಾರ್ಥಿವ ಲಿಂಗ ನೋಡು. ಮಾಡಿ, ಪೂಜಿಸಿ, ನೀರಿಗೆ ಬಿಟ್ಟರೇ ಪೂಜೆ ಮುಗಿಯುವುದು.

ಹುಡುಗಿ: ಅಲ್ಲಿ ಬಿಡುವುದು ಮಾಡಿದವರೇ, ಮಂತ್ರ ಹೇಳಿ. ಸಮುದ್ರ ಯಾರನ್ನೂ ಕೇಳುವುದಿಲ್ಲ. ಕೊಟ್ಟದ್ದು ಬೇರೆ, ಕಳಕೊಂಡದ್ದು ಬೇರೆ.

ಮಾಸ್ತರು: ಉಬ್ಬರ ಎಲ್ಲಿಯವರೆಗೆ ಬರುತ್ತದೆ ಎಂದು ಗೊತ್ತಿದ್ದೂ ಅದರೊಳಗೇ ಕೂತು ಕೆತ್ತುವವನು ಮೊದಲೇ ಕೊಟ್ಟುಬಿಟ್ಟಿರುತ್ತಾನಲ್ಲ?

ಹುಡುಗಿ: ಮರಳು ಒದ್ದೆ ಇರುವುದು ಅಲ್ಲೇ ಅಂತ ಕೂರುತ್ತಾನೆ ಸರ್. ನಾನೂ ಅದಕ್ಕೇ ಕೂತದ್ದು.

ಮಾಸ್ತರು: (ನಕ್ಕು) ಅದೂ ಸರಿಯೇ. ಹಾಗಾದರೆ ಆ ಒದ್ದೆಯಿಂದಲೇ ಶುರುಮಾಡೋಣ. ನೀರು ಕಡಿಮೆಯಾದರೆ ಮರಳು ಉದುರುತ್ತದೆ, ಹೆಚ್ಚಾದರೆ ಜರಿಯುತ್ತದೆ. ಕಣಕಣದ ನಡುವೆ ಚೂರೇ ಚೂರು ನೀರು ಹಿಡಿದು ನಿಂತಾಗ ಮಾತ್ರ ಗಟ್ಟಿ. ಪದರ ಪದರವಾಗಿ ಬಡಿದು ಕೂರಿಸಬೇಕು, ಮೇಲಿನಿಂದ ಕೆಳಕ್ಕೆ ಕೆತ್ತಬೇಕು; ಇಲ್ಲದಿದ್ದರೆ ಕಳಶದ ಪುಡಿಯೆಲ್ಲ ಚಕ್ರದ ಮೇಲೆ. ಬಲರಾಮದಾಸರೂ ಇದನ್ನೇ ಮಾಡಿರಬೇಕು. ಭಕ್ತಿ ಎಷ್ಟಿದ್ದರೂ ಒಣ ಮರಳು ನಿಲ್ಲುವುದಿಲ್ಲ. ಕತೆ ಹೇಳದೆ ಬಿಟ್ಟದ್ದನ್ನು ಮರಳು ಹೇಳುತ್ತದೆ.

ಹುಡುಗಿ: ಅದು ಯಾರು ಕೆತ್ತಿದರೂ ಅಷ್ಟೇ. ಅವರದೇ ಅನ್ನುವಂಥದ್ದು ಎಲ್ಲಿ ಬಂತು?

ಮಾಸ್ತರು: ನಿಮ್ಮ ಕಾರವಾರದ ಮಾರುತಿ ಜಾತ್ರೆಯ ರಂಗೋಲಿಗಳಿಲ್ಲವೇ? ಅವೂ ಉಳಿಯುವುದಿಲ್ಲ. ಆದರೂ ಯಾರದು ಚೆಂದವಿತ್ತು ಅಂತ ಜನ ವರ್ಷಗಟ್ಟಲೆ ಹೇಳುತ್ತಾರೆ.

ಹುಡುಗಿ: ಚೆಂದದ್ದಕ್ಕಿಂತ ತಪ್ಪನ್ನು ಹೇಳುತ್ತಾರೆ. "ಆ ವರ್ಷ ಕೃಷ್ಣನ ಮೂಗು ಸೊಟ್ಟ ಬಂದಿತ್ತಲ್ಲ, ಅವಳೇ ಬಿಡಿಸಿದ್ದು." ಮೂಗಿನಿಂದಲೇ ಆಕೆ ಯಾರೆಂದು ಗೊತ್ತಾಗುತ್ತದೆ. ಹೊಗಳುವಾಗ ಎಲ್ಲರೂ ಒಂದೇ ಆಗಿಬಿಡುತ್ತಾರೆ ಸರ್. ಬಲರಾಮದಾಸರ ತೇರಿನ ಒಂದು ಚಕ್ರ ವಕ್ರವಿತ್ತು ಅಂತ ಒಬ್ಬರಾದರೂ ಹೇಳಿದ್ದರೆ ನನಗೆ ಆ ಮನುಷ್ಯ ಸಿಗುತ್ತಿದ್ದ.

ಮಾಸ್ತರು: ಭಕ್ತರು ಹಾಗೆ ಹೇಳುವುದುಂಟೇ? ರಾಮೇಶ್ವರದಲ್ಲಿ ಸೀತೆ ಮಾಡಿದ ಮರಳಿನ ಲಿಂಗ ಹನುಮಂತನಿಗೇ ಜಗ್ಗಲಿಲ್ಲ. ಇಲ್ಲೇ ಗೋಕರ್ಣದಲ್ಲಿ ರಾವಣ ಎಳೆದು ಎಳೆದು ಸೋತ. ಎಳೆದರೂ ಬರಲಿಲ್ಲ ಎಂಬುದೇ ನಮಗೆ ಬೇಕಾದ ನೆನಪು.

ಹುಡುಗಿ: ದೇವರಿಗೆ ಆ ನೆನಪು ಸಾಕು, ಮಾಡಿದವರಿಗೆ ಸಾಲದು. ನಾಳೆ ಈ ತೇರು ಹೇಗಿತ್ತು ಅಂತ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ?

ಮಾಸ್ತರು: ಬಹಳ ಚೆನ್ನಾಗಿತ್ತು ಅನ್ನುತ್ತೇನೆ.

ಹುಡುಗಿ: ಸರ್!

ಮಾಸ್ತರು: ಸರಿ, ಕೇಳು. ಹಿಂದಿನ ಚಕ್ರ ಮುಂದಿನದಕ್ಕಿಂತ ಅರ್ಧ ಬೆರಳು ದೊಡ್ಡದು. ಗೋಪುರ ಎಡಕ್ಕೆ ವಾಲಿದೆ. ಎಂಟನೇ ಕ್ಲಾಸಿನಿಂದ ಹೇಳುತ್ತಿದ್ದೇನೆ, ನೀನು ಬರೆದದ್ದೆಲ್ಲ ಎಡಕ್ಕೇ ವಾಲುತ್ತದೆ.