ಪ್ರತಿನಿಧಿಯೂ ಮುಖದಾಕ್ಷಿಣ್ಯವೂ

ನಾವು ಮತ ಕೊಟ್ಟು ಆರಿಸಿದ ಮನುಷ್ಯನು ವಿಧಾನಸಭೆಯಲ್ಲಿ ಯಾರವನಾಗಿ ಕುಳಿತುಕೊಳ್ಳುತ್ತಾನೆ? ತನ್ನ ಸೀಮೆಯವನಾಗಿಯೋ, ನಾಡೆಲ್ಲದರವನಾಗಿಯೋ? ಈ ಪ್ರಶ್ನೆಯು ರಾಜಧಾನಿಯ ದೊಡ್ಡವರಿಗೆ ಮಾತ್ರ ಸೇರಿದ್ದೆಂದು ಎಣಿಸಬಾರದು. ಮಗನಿಗೆ ಉದ್ಯೋಗವನ್ನು ಬೇಡುತ್ತಾ ಶಾಸಕನ ಬಾಗಿಲಲ್ಲಿ ನಿಲ್ಲುವ ಪ್ರತಿಯೊಬ್ಬ ತಂದೆಗೂ ಇದು ಸೇರಿದ್ದಾಗಿದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲೂಕುಗಳು ಶೃಂಗೇರಿ ಎಂಬ ಒಂದೇ ವಿಧಾನಸಭಾ ಕ್ಷೇತ್ರಕ್ಕೆ ಸೇರಿವೆ. ಕರ್ನಾಟಕದ ವಿಧಾನಸಭೆಯ 224 ಸ್ಥಾನಗಳಲ್ಲಿ ಇದಕ್ಕೆ ಒಂದು ಮಾತ್ರ. ಇಲ್ಲಿ ಮನೆಗಳು ತೋಟ ಗುಡ್ಡಗಳ ನಡುವೆ ಚದರಿಕೊಂಡಿವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಶಾಲೆಗೆ ಹೋಗುವ ಮಗುವಿಗೆ ಕಾಲುಸಂಕವೇ ಆಧಾರ. ಹೀಗಿರಲಾಗಿ, “ನಮಗಿರುವವನು ಒಬ್ಬನೇ, ಅವನೂ ನಮ್ಮನ್ನು ನೋಡದಿದ್ದರೆ ಮತ್ತಾರು ನೋಡುವರು?” ಎಂದು ಜನರು ಹೇಳುವದು ಆಶ್ಚರ್ಯವಲ್ಲ.

ಆದರೆ ಈ ಮಾತಿನೊಳಗೆ ಎರಡು ಬೇಡಿಕೆಗಳು ಬೆರೆತಿವೆ. ನಮ್ಮ ಊರಿನ ಕೊರತೆಯನ್ನು ಸಭೆಯ ಮುಂದೆ ಹೇಳು ಎಂಬದು ಒಂದು. ನನ್ನ ಮಗನನ್ನು ಇನ್ನೊಬ್ಬನ ಮಗನಿಗಿಂತ ಮುಂದೆ ನಿಲ್ಲಿಸು ಎಂಬದು ಇನ್ನೊಂದು. ಮೊದಲನೆಯದನ್ನು ನೆರವೇರಿಸುವದು ಪ್ರತಿನಿಧಿಯ ಕರ್ತವ್ಯ. ಎರಡನೆಯದು ಮುಖದಾಕ್ಷಿಣ್ಯ; ಅದು ಕಾಣದ ಒಬ್ಬನ ಪಾಲನ್ನು ಕಂಡ ಒಬ್ಬನಿಗೆ ಕೊಡುವದಾಗಿದೆ.

ಈ ಭೇದವನ್ನು ನಡತೆಯಲ್ಲಿ ತೋರಿಸಿದವರು ಇದೇ ಸೀಮೆಯಲ್ಲಿದ್ದರು. ಕೊಪ್ಪದ ಎಚ್.ಜಿ. ಗೋವಿಂದೇಗೌಡರು 1994ರಲ್ಲಿ ಶೃಂಗೇರಿ ಕ್ಷೇತ್ರದಿಂದ ಆರಿಸಲ್ಪಟ್ಟು, ದೇವೇಗೌಡರ ಮತ್ತು ಜೆ.ಎಚ್. ಪಟೇಲರ ಮಂತ್ರಿಮಂಡಲಗಳಲ್ಲಿ ಶಿಕ್ಷಣ ಮಂತ್ರಿಗಳಾಗಿದ್ದರು. ಶಿಕ್ಷಣವು 1976ರ 42ನೇ ತಿದ್ದುಪಡಿಯಿಂದ ಕೇಂದ್ರ ರಾಜ್ಯಗಳೆರಡಕ್ಕೂ ಸೇರಿದ ವಿಷಯವಾದರೂ, ಹಳ್ಳಿಯ ಸರಕಾರಿ ಶಾಲೆಗೆ ಉಪಾಧ್ಯಾಯರನ್ನು ನೇಮಿಸುವದು ರಾಜ್ಯ ಸರಕಾರವೇ. ಆ ನೇಮಕದಲ್ಲಿ ಅವರು ಶಿಫಾರಸ್ಸಿಗೂ ಲಂಚಕ್ಕೂ ಎಡೆಗೊಡದೆ ಅರ್ಹತೆಯನ್ನೇ ಅಳತೆಗೋಲಾಗಿ ಇಟ್ಟರು. ಅವರು 2016ರ ಜನವರಿಯಲ್ಲಿ ತೀರಿಕೊಂಡರು. ಅವರ ಹೆಸರನ್ನು ಜನರು ಇಂದಿಗೂ ಈ ಕಾರ್ಯದ ನಿಮಿತ್ತವಾಗಿಯೇ ಸ್ಮರಿಸುತ್ತಾರೆ.

ಇದಕ್ಕೆ ಒಬ್ಬನು, “ಅಧಿಕಾರವು ನಮ್ಮವರ ಕೈಯಲ್ಲಿದ್ದಾಗ ನಾವು ತೆಗೆದುಕೊಳ್ಳದಿದ್ದರೆ, ನಾಳೆ ಬೇರೆ ಜಿಲ್ಲೆಯವನು ತನ್ನವರಿಗೆ ಹಂಚುವನು, ನಾವು ಮೂರ್ಖರಾಗುವೆವು” ಎನ್ನಬಹುದು. ಲೆಕ್ಕ ಮಾಡಿ ನೋಡೋಣ. ಮುಖದಾಕ್ಷಿಣ್ಯವೇ ರೂಢಿಯಾದರೆ, 224ರಲ್ಲಿ ಒಂದೇ ಪಾಲುಳ್ಳ ಸೀಮೆಗೆ ಸರದಿ ಎಷ್ಟು ಸಾರಿ ಬಂದೀತು? ನಿಯಮವಾದರೋ ಪ್ರತಿದಿನವೂ ಬಾಗಿಲಲ್ಲಿ ಕಾವಲಿರುತ್ತದೆ. ಬಲಿಷ್ಠನಿಗೆ ನೆಂಟರಿದ್ದಾರೆ, ಸಂಖ್ಯೆಯಲ್ಲಿ ಅಲ್ಪರಾದವರಿಗೆ ನಿಯಮವೇ ನೆಂಟ. ಅದಲ್ಲದೆ, ಹಣ ಕೊಟ್ಟು ಬಂದ ಉಪಾಧ್ಯಾಯನಿಗಾಗಿ ಕಡೆಯಲ್ಲಿ ಬೆಲೆ ತೆರುವವರು ಯಾರು? ಗುಡ್ಡದ ಶಾಲೆಯಲ್ಲಿ ಅವನ ಮುಂದೆ ಹಲಗೆ ಹಿಡಿದು ಕೂತ ಮಕ್ಕಳೇ.

ಹಾಗಾದರೆ ಹಿಂದುಳಿದವರಿಗೆ ಮೀಸಲಿಟ್ಟ ಪಾಲು ಪಕ್ಷಪಾತವೋ? ಅಲ್ಲ. ಸಂವಿಧಾನದ 16ನೇ ವಿಧಿಯು ಸರಕಾರಿ ಉದ್ಯೋಗದಲ್ಲಿ ಮತ, ಜಾತಿ, ವಂಶ, ಜನ್ಮಸ್ಥಳಗಳ ನಿಮಿತ್ತ ಭೇದ ಮಾಡಬಾರದೆಂದು ವಿಧಿಸುತ್ತದೆ. ಸಾಕಷ್ಟು ಪಾಲು ದೊರೆಯದ ಹಿಂದುಳಿದ ವರ್ಗಗಳಿಗೆ ಸ್ಥಾನಗಳನ್ನು ಮೀಸಲಿಡಬಹುದೆಂದು ಅದೇ ವಿಧಿಯು ಹೇಳುತ್ತದೆ. ಇದು ಎಲ್ಲರೂ ಓದುವಂತೆ ಬರೆದಿಟ್ಟ ಕಾನೂನು. ಕಿವಿಯಲ್ಲಿ ಉಸುರಿದ ಮಾತಲ್ಲ.

ಇದರಿಂದ ನಮಗೊಂದು ಒರೆಗಲ್ಲು ದೊರೆಯುತ್ತದೆ. ನಾವು ಪ್ರತಿನಿಧಿಯನ್ನು ಕೇಳುವ ಸಂಗತಿಯನ್ನು ಅವನು ಮಿಕ್ಕ 223 ಮಂದಿಯ ಎದುರಿನಲ್ಲಿ ನಿಂತು, ಕಾರಣ ಸಹಿತವಾಗಿ, ನಾಚಿಕೆಯಿಲ್ಲದೆ ಹೇಳಬಲ್ಲನೋ? ಕಾಲುಸಂಕವನ್ನು ಹೇಳಬಲ್ಲನು, ವೈದ್ಯರಿಲ್ಲದ ಆಸ್ಪತ್ರೆಯನ್ನು ಹೇಳಬಲ್ಲನು. “ಇವನು ನನ್ನ ಕಡೆಯವನು, ಇವನಿಗೆ ಕೆಲಸ ಕೊಡಿರಿ” ಎಂದು ಹೇಳಲಾರನು.

ಪ್ರತಿನಿಧಿಯು ಕೆಟ್ಟನೆಂದು ದೂರುವದು ಸುಲಭ. ಆದರೆ ಕೊಡುವ ಕೈಯನ್ನು ಕೆಡಿಸುವದು ಬೇಡುವ ಕೈಯೇ. ಆದದರಿಂದ, ಇನ್ನು ಮುಂದೆ ಅವನ ಬಾಗಿಲಿಗೆ ಹೋಗುವಾಗ ಒಬ್ಬನ ಬಿನ್ನಹವನ್ನು ಒಯ್ಯದೆ ಊರಿನ ಬಿನ್ನಹವನ್ನು ಒಯ್ಯೋಣ. ನಮಗೆ ಇಲ್ಲವೆಂದು ನ್ಯಾಯವಾಗಿ ಹೇಳುವವನನ್ನು ನಮ್ಮವನಲ್ಲವೆಂದು ತಳ್ಳಿಬಿಡದೆ ಇರೋಣ.